ಪಡಸಾಲೆಯ ನಡುವಿನ ಒಡ್ಡು

ಮನೆ ನೋಡಲು ಹೋದಾಗ ನನ್ನ ಗಂಡ ಮೊದಲು ಬಾಡಿಗೆ ಕೇಳುತ್ತಾರೆ, ನಾನು ನೀರು ಕೇಳುತ್ತೇನೆ. ಆ ವರ್ಷ ಮಾತ್ರ ನಮ್ಮಿಬ್ಬರಿಗಿಂತ ಮೊದಲು ಮಗಳು ಬಾಯಿ ತೆಗೆದಳು. ಇನ್ನೂ ಒಂದು ಮನೆಯನ್ನೂ ನೋಡಿರಲಿಲ್ಲ, ಅಫಜಲಪುರದ ಬಸ್‌ಸ್ಟ್ಯಾಂಡಿನಲ್ಲಿ ಇಳಿದು ಚೀಲ ಕೆಳಗಿಟ್ಟಿದ್ದೆವು ಅಷ್ಟೆ. "ಅವ್ವಾ, ಇಲ್ಲಿಂದ ಮತ್ತ ಹೋಗಾಂಗಿಲ್ಲಲ್ಲ?" ಎಂದಳು.

ಕೇಳುವುದಕ್ಕೆ ಅವಳಿಗೆ ಹಕ್ಕಿತ್ತು. ಒಂದನೇ ಕ್ಲಾಸು ಹಿರೋಳ್ಳಿಯಲ್ಲಿ, ಆಮೇಲೆ ಆಳಂದದಲ್ಲಿ, ಅಲ್ಲಿಂದ ಜೇವರ್ಗಿಯಲ್ಲಿ. ನನ್ನ ಗಂಡ ಫಿಟ್ಟರ್. ಯಾವ ಊರಿನಲ್ಲಿ ಮಷೀನು ತಿರುಗುತ್ತದೋ ಆ ಊರಿಗೆ ನಾವು. ಜೇವರ್ಗಿಯ ಬೇಳೆ ಮಿಲ್ಲಿನ ಕೆಲಸ ನಿಂತ ಮೇಲೆ ಹವಳಗಾದ ಕಡೆ ಸಕ್ಕರೆ ಕಾರ್ಖಾನೆಯಲ್ಲಿ ಕೆಲಸ ಸಿಕ್ಕಿತು. ಪ್ರತಿ ಸಲ ಊರು ಬಿಡುವಾಗ ಮಗಳು ಅಳುತ್ತಿದ್ದಳು. ಜೇವರ್ಗಿ ಬಿಡುವಾಗ ಅಳಲಿಲ್ಲ. ಟಿ.ಸಿ. ತರಲು ನಾನು ಸಾಲಿಗೆ ಹೋದರೆ ಅವಳು ಗೇಟಿನ ಹೊರಗೇ ನಿಂತಿದ್ದಳು, ಗೆಳತಿಯರ ಕಡೆ ತಿರುಗಿಯೂ ನೋಡಲಿಲ್ಲ. ಅಳದೇ ಇದ್ದದ್ದು ನನ್ನನ್ನು ಹೆದರಿಸಿತು. ಅವಳಿಗಾಗ ಒಂಬತ್ತನೇ ಕ್ಲಾಸು. ಹತ್ತನೆಯ ಪರೀಕ್ಷೆ ಮುಗಿಯುವವರೆಗೆ ಅಫಜಲಪುರ ಬಿಟ್ಟು ಅಲುಗಾಡುವುದಿಲ್ಲ ಎಂದು ಬಸ್‌ಸ್ಟ್ಯಾಂಡಿನಲ್ಲೇ ಮಾತು ಕೊಟ್ಟೆ. ಮಾತು ಕೊಡುವುದು ನನಗೆ ಸುಲಭ. ಅದನ್ನು ಉಳಿಸಿಕೊಳ್ಳಲು ಒಂದು ಮನೆ ಬೇಕಿತ್ತು, ಅದೂ ನಮ್ಮ ಕೈಗೆಟಕುವ ಮನೆ.

ಊರೊಳಗೆ ಮನೆಗಳಿದ್ದವು. ಆದರೆ ಮನೆಗಿಂತ ಮೊದಲು ನಮ್ಮ ಪರೀಕ್ಷೆ ನಡೆಯುತ್ತಿತ್ತು. ಒಬ್ಬಾಕೆ ಬಾಗಿಲಲ್ಲೇ ನಿಲ್ಲಿಸಿ ಯಾವ ಪೈಕಿ, ಏನು ತಿನ್ನುತ್ತೀರಿ, ಯಾರು ಬಂದು ಹೋಗುತ್ತಾರೆ ಎಂದೆಲ್ಲ ಕೇಳಿ, ಕೊನೆಗೆ ನನ್ನ ಮಗನ ಕಡೆ ಬೆರಳು ತೋರಿಸಿ, "ಇಂವ ಗ್ವಾಡಿ ಮ್ಯಾಲ ಬರೀತಾನೇನು?" ಎಂದಳು. ಮಗ ಮೂರನೇ ಕ್ಲಾಸು. "ಬರೀತಾನ್ರಿ, ನಿಮ್ಮ ಹೆಸರೇ ಬರೀತಾನ," ಎಂದು ಹೇಳಿ ಮೆಟ್ಟಿಲಿಳಿದೆ. ಇನ್ನೊಂದು ಕಡೆ ಎಲ್ಲ ಕೂಡಿ ಬಂತು, ಬಾಡಿಗೆ ಕೇಳಿ ನನ್ನ ಗಂಡ ಚಹಾ ಕೂಡ ಕುಡಿಯದೆ ಎದ್ದರು. ಗಾಣಗಾಪುರಕ್ಕೂ ಹೋಗಿ ನೋಡಿದೆವು. ಅಲ್ಲಿ ಖೋಲಿಗಳೆಲ್ಲ ಯಾತ್ರಿಕರಿಗೆ ದಿನದ ಲೆಕ್ಕ, ತಿಂಗಳ ಮಾತು ಎತ್ತಿದರೆ ನಗುತ್ತಾರೆ. ಮಧ್ಯಾಹ್ನದ ಆರತಿಯ ಹೊತ್ತಿಗೆ ಗುಡಿಯೊಳಗಿಂದ ದೆವ್ವ ಬಿಡಿಸಿಕೊಳ್ಳಲು ಬಂದ ಒಬ್ಬ ಹೆಂಗಸು ಚೀರಿದ್ದನ್ನು ಕೇಳಿ ಮಗ ನನ್ನ ಸೆರಗು ಬಿಡಲಿಲ್ಲ. ಹೊಳೆಯ ದಂಡೆಯಿಂದಲೇ ವಾಪಸಾದೆವು.

ಆಮೇಲೆ ಯಾರೋ ಆ ಬಡಾವಣೆಯ ಸುದ್ದಿ ಹೇಳಿದರು. ಊರು ಮುಗಿದು ತೊಗರಿ ಹೊಲಗಳು ಶುರುವಾಗುವ ಕಡೆ, ಒಂದು ಹೊಲವನ್ನು ಪ್ಲಾಟು ಮಾಡಿ ಮಾರಿದ್ದರು. ಬಾಡಿಗೆ ಊರೊಳಗಿನ ಅರ್ಧ. ಸಾಲಿಗೆ ಮಕ್ಕಳು ನಡೆದೇ ಹೋಗಬಹುದು. ಇಷ್ಟು ಸಸ್ತಾ ಯಾಕೆ ಎಂದು ನಾನು ಕೇಳಿದ್ದಕ್ಕೆ ನನ್ನ ಗಂಡ, "ಸಸ್ತಾ ಇದ್ರೂ ನಿನಗ ತ್ರಾಸು, ತುಟ್ಟಿ ಇದ್ರೂ ತ್ರಾಸು," ಎಂದರು.

ನಾವು ಹೋದದ್ದು ಮಧ್ಯಾಹ್ನ. ಸಿಮೆಂಟಿನ ರಸ್ತೆಗಳು ಅಗಲವಾಗಿದ್ದವು, ಮನೆಗಳು ಅಲ್ಲೊಂದು ಇಲ್ಲೊಂದು. ನಡುವಿನ ಖಾಲಿ ಪ್ಲಾಟುಗಳಲ್ಲಿ ಕಪ್ಪು ಎರಿ ಮಣ್ಣು ಬಿರುಕು ಬಿಟ್ಟಿತ್ತು, ನಂಬರು ಬರೆದ ಗುರುತಿನ ಕಲ್ಲುಗಳು ಹುಲ್ಲಿನಲ್ಲಿ ಮುಳುಗಿದ್ದವು. ಒಂದು ನಾಯಿಯೂ ಬೊಗಳಲಿಲ್ಲ. ಮನೆ ಮಾಲಕ ಇನ್ನೂ ಬಂದಿರಲಿಲ್ಲ. ನಾವು ನೆರಳಿನಲ್ಲಿ ನಿಂತಿದ್ದಾಗ ಸಾಲಿ ಬಿಟ್ಟ ಮಕ್ಕಳು ಒಂದು ಗುಂಪು ರಸ್ತೆಯಲ್ಲಿ ಓಡುತ್ತ ಬಂತು. ನಮ್ಮಿಂದ ಸ್ವಲ್ಪ ದೂರದಲ್ಲಿ, ರಸ್ತೆಯ ನಡುವೆ, ಮುಂದಿದ್ದ ಹುಡುಗಿ ಜಿಗಿದಳು. ಹಿಂದಿನವನೂ ಅಲ್ಲೇ ಜಿಗಿದ. ಆಮೇಲೆ ಬಂದ ಎಲ್ಲರೂ ಅದೇ ಜಾಗದಲ್ಲಿ, ಒಬ್ಬರಾದ ಮೇಲೊಬ್ಬರು, ಮಾತು ನಿಲ್ಲಿಸದೆ ಜಿಗಿದು ಹೋದರು. ನೀರು ನಿಂತಿರಬೇಕು ಅಂದುಕೊಂಡೆ. ಹೊಸ ಬಡಾವಣೆಯಲ್ಲಿ ಬಾಡಿಗೆಗೆ ಬರುವವರು ಚರಂಡಿ ನೋಡಿಕೊಳ್ಳಬೇಕು ನೋಡಿ, ಹತ್ತಿರ ಹೋದೆ. ನೀರಿಲ್ಲ, ತಗ್ಗಿಲ್ಲ, ಒಂದು ಬಿರುಕೂ ಇಲ್ಲ. ಒಣ ಸಿಮೆಂಟು, ಬಿಸಿಲಿಗೆ ಬೆಳ್ಳಗೆ ಹೊಳೆಯುತ್ತಿತ್ತು.

ಮಾಲಕ ಮೋಟರ್‌ಸೈಕಲ್ಲಿನಲ್ಲಿ ಬಂದ. ಐವತ್ತರ ಸುಮಾರಿನ ಮನುಷ್ಯ, ಬಿಳಿ ಅಂಗಿ. ಆ ಹೊಲ ಅವರ ಮನೆತನದ್ದೇ. ಮಾರಿದ ಮೇಲೆ ಉಳಿಸಿಕೊಂಡ ಪ್ಲಾಟಿನಲ್ಲಿ ಬಾಡಿಗೆಗೆಂದು ಈ ಮನೆ ಕಟ್ಟಿಸಿದ್ದ, ತಾನು ಊರೊಳಗೆ ಇರುತ್ತಿದ್ದ. ಯಾವ ಪೈಕಿ ಎಂದು ಕೇಳಲಿಲ್ಲ, ಏನು ತಿನ್ನುತ್ತೀರಿ ಎಂದೂ ಕೇಳಲಿಲ್ಲ. ನನಗೆ ಅಷ್ಟಕ್ಕೇ ಅವನ ಮೇಲೆ ಪ್ರೀತಿ ಬಂತು.

"ಮಕ್ಕಳದಾರೇನ್ರಿ?" ಎಂದ.

"ಇಬ್ಬರದಾರ್ರಿ."

"ಸಾಲಿಗಿ ಹೋಗ್ತಾರ?"

"ಹೌದ್ರಿ."

"ಹಂಗಿದ್ರ ಛಲೋ ಆತು. ಮಕ್ಕಳಿದ್ದ ಮನಿಯವ್ರು ಲಗೂ ರೂಢಿ ಆಗ್ತಾರ."

"ಯಾತಕ್ಕ ರೂಢಿ?" ಎಂದೆ.

"ಇಲ್ಲಿ ಇರಾಕ," ಎಂದು ಬೀಗ ತೆಗೆದ.

ಮನೆ ಚೊಕ್ಕವಾಗಿತ್ತು. ಒಂದು ಪಡಸಾಲೆ, ಒಂದು ಖೋಲಿ, ಅಡಿಗೆಮನೆ. ಪಡಸಾಲೆಗೆ ಎರಡು ಬಾಗಿಲು, ಮುಂದಿನ ಬಾಗಿಲಲ್ಲಿ ನಿಂತರೆ ಹಿಂದಿನ ಬಾಗಿಲಿನಾಚೆಯ ಬಯಲು ಕಾಣುತ್ತಿತ್ತು. ಮಾಲಕ ಎರಡೂ ಬಾಗಿಲುಗಳ ನಡುವೆ ನಿಲ್ಲದೆ ಗೋಡೆಗೆ ಒರಗಿ ಮಾತಾಡಿದ. "ಈ ಎರಡು ಬಾಗಲದ ನಡುವ ಏನೂ ಇಡಬ್ಯಾಡ್ರಿ. ಎಳ್ಳಮಾಸಿ ದಿನ ಎರಡೂ ತಗದಿಡ್ರಿ. ನಮ್ಮವ್ವ ಹಾದು ಹೋಗ್ತಾಳ. ಆಕೀಗಿ ಏನೂ ಅನ್ನಬ್ಯಾಡ್ರಿ, ತಡೀಬ್ಯಾಡ್ರಿ. ಅಷ್ಟೇ ನೋಡ್ರಿ ನಮ್ಮದು."

ಎಳ್ಳಮಾಸಿ ಅಂದರೆ ಎಳ್ಳು ಅಮಾವಾಸ್ಯೆ, ಚಳಿಗಾಲದಲ್ಲಿ ಬರುವುದು. ಅದು ಇನ್ನೂ ದೂರವಿತ್ತು. ಅಂಥ ಸಣ್ಣ ಮಾತಿಗೆ ಅರ್ಧ ಬಾಡಿಗೆಯ ಮನೆ ಬಿಡುವ ಪೈಕಿ ನಾನಲ್ಲ. ಮಗಳು ಅಷ್ಟರಲ್ಲಿ ಪಡಸಾಲೆಯ ನಡುವೆ ಚೀಲ ಇಟ್ಟುಕೊಂಡು ಕೂತುಬಿಟ್ಟಿದ್ದಳು.

ನಾನು ಮನೆಯಲ್ಲೇ ಬಟ್ಟೆ ಹೊಲಿಯುತ್ತೇನೆ. ಹೊಲಿಯುವವರಿಗೆ ಬೆಳಕು ಬೇಕು. ಆ ಮನೆಯಲ್ಲಿ ಬೆಳಕಿದ್ದದ್ದು ಒಂದೇ ಕಡೆ, ಎರಡು ಬಾಗಿಲುಗಳ ನಡುವೆ. ಒಂದು ವಾರ ಮೂಲೆಯಲ್ಲಿ ಕೂತು ಕಣ್ಣು ಕೆಡಿಸಿಕೊಂಡೆ. ಆಮೇಲೆ, ಬಾಡಿಗೆ ಕೊಡುವವಳು ನಾನು, ಕಣ್ಣು ನನ್ನದು, ಎಂದು ಮಷೀನನ್ನು ಎಳೆದು ಬೆಳಕಿಗೆ ಹಾಕಿದೆ. ಆಕಾಶವೇನೂ ಕಳಚಿ ಬೀಳಲಿಲ್ಲ. ಓಣಿಯ ಹೆಂಗಸರು ಜಂಪರು ಹೊಲಿಸಲು ಬರತೊಡಗಿದರು. ಮಗಳು ಸಾಲಿಯಲ್ಲಿ ಒಬ್ಬ ಗೆಳತಿಯನ್ನು ಮಾಡಿಕೊಂಡಳು, ಅವಳ ಹೆಸರನ್ನು ಊಟದ ಹೊತ್ತಿಗೆ ದಿನವೂ ಹೇಳುತ್ತಿದ್ದಳು. ನಾನು ಖುಷಿಯಾಗಿದ್ದೆ.

ಒಂದು ದಿನ ಜಂಪರಿನ ಅಳತೆ ಕೊಡಲು ಎದುರು ಮನೆಯಾಕೆ ಬಂದಳು. ಹೊಸ್ತಿಲು ದಾಟಿದಳು, ಎರಡು ಹೆಜ್ಜೆ ಬಂದಳು, ಮಷೀನಿನ ಈ ಬದಿಯಿಂದ ಆ ಬದಿಗೆ ಬರುವಾಗ ಸೀರೆಯ ನಿರಿಗೆ ಸ್ವಲ್ಪ ಎತ್ತಿ, ಕಾಲು ಮೇಲೆತ್ತಿ ಏನನ್ನೋ ದಾಟಿದಳು. ಅಲ್ಲಿ ಸಪಾಟು ಫರಸಿ ನೆಲ, ಒಂದು ದಾರದ ತುಂಡೂ ಇರಲಿಲ್ಲ.

"ಯಾಕಕ್ಕಾ, ಹಂಗ ಕಾಲೆತ್ತಿದಿ?" ಎಂದೆ ನಗುತ್ತ.

"ಎಲ್ಲಿ? ನಾ ಎಲ್ಲಿ ಎತ್ತಿದೆ?" ಎಂದಳು. ಸುಳ್ಳು ಹೇಳುವ ಮುಖವಲ್ಲ ಅದು. ಅವಳಿಗೆ ನಿಜವಾಗಿ ಗೊತ್ತಿರಲಿಲ್ಲ.

ಆವತ್ತಿನಿಂದ ನೋಡತೊಡಗಿದೆ. ನೋಡಬಾರದಿತ್ತು. ಬಂದವರೆಲ್ಲ ಅದೇ ಜಾಗದಲ್ಲಿ ಕಾಲೆತ್ತುತ್ತಿದ್ದರು. ಹಾಲಿನವಳು ಎತ್ತಿದಳು, ಗ್ಯಾಸಿನ ಸಿಲಿಂಡರು ಹೊತ್ತು ಬಂದವನು ಅಷ್ಟು ಭಾರ ಹೆಗಲ ಮೇಲಿದ್ದರೂ ಎತ್ತಿದ. ಹೊರಗೆ ಹೋಗಿ ನಿಂತು ಲೆಕ್ಕ ಹಾಕಿದೆ. ಮಕ್ಕಳು ರಸ್ತೆಯಲ್ಲಿ ಜಿಗಿಯುವ ಜಾಗ, ನನ್ನ ಮುಂದಿನ ಬಾಗಿಲು, ಹಿಂದಿನ ಬಾಗಿಲು, ಮೂರೂ ಒಂದೇ ಗೆರೆಯಲ್ಲಿದ್ದವು. ರಸ್ತೆಯ ಆಚೆ ಆ ಗೆರೆ ಗಾರ್ಡನ್ನಿಗೆಂದು ಬಿಟ್ಟ ಜಾಗಕ್ಕೆ ಹೋಗಿ ಮುಟ್ಟುತ್ತಿತ್ತು. ಅಲ್ಲೊಂದು ಬೇವಿನ ಗಿಡ, ಗಿಡದ ಕೆಳಗೆ ಸಾಲಾಗಿ ಐದು ಸಣ್ಣ ಕಲ್ಲು. ಹೊಲವಿದ್ದವರ ಮನೆಯಲ್ಲಿ ಹುಟ್ಟಿದ ನನಗೆ ಅವು ಏನೆಂದು ಯಾರೂ ಹೇಳಬೇಕಿರಲಿಲ್ಲ. ನಮ್ಮ ಕಡೆ ಪ್ರತಿ ಹೊಲದಲ್ಲೂ ಪಾಂಡವರೆಂದು ಐದು ಕಲ್ಲು ಇಟ್ಟು, ಎಳ್ಳಮಾಸಿಯ ದಿನ ಸುಣ್ಣ ಬಳಿದು ಪೂಜೆ ಮಾಡುತ್ತಾರೆ. ಇವುಗಳ ಸುಣ್ಣ ಹಳೆಯದಾಗಿರಲಿಲ್ಲ.

ಅಂದರೆ ಅಲ್ಲಿದ್ದದ್ದು ಒಡ್ಡು. ಎರಡು ಹೊಲಗಳ ನಡುವೆ ಮಣ್ಣು ಏರಿಸಿ ಮಾಡಿದ ಒಡ್ಡು, ಮೊಳಕಾಲೆತ್ತರ, ನಡೆಯುವವರು ಕಾಲೆತ್ತಿ ದಾಟಲೇಬೇಕು. ಜೆ.ಸಿ.ಬಿ. ಬಂದು ಅದನ್ನು ಸಪಾಟು ಮಾಡಿತ್ತು. ಮಾಲಕ ಅದರ ಮೇಲೆಯೇ ಮನೆ ಕಟ್ಟಿದ್ದ. ಇಷ್ಟು ತಿಳಿದ ಮೇಲೆ ಮನಸ್ಸು ಹಗುರಾಗಬೇಕಿತ್ತು. ಹಳಬರಿಗೆ ಕಾಲಿನ ರೂಢಿ ಉಳಿದಿದೆ, ಅವರನ್ನು ನೋಡಿ ಮಕ್ಕಳು ಕಲಿತಿವೆ ಎಂದು ನನಗೆ ನಾನೇ ಹೇಳಿಕೊಂಡೆ. ಆದರೆ ಹಾಲಿನವಳು ಬೇರೆ ಊರಿನವಳು. ಸಿಲಿಂಡರಿನವನು ಆ ಮನೆಗೆ ಬಂದದ್ದು ಅದೇ ಮೊದಲು.

ಗಂಡನಿಗೆ ಹೇಳಿದೆ. ಕಾರ್ಖಾನೆಯ ಸೀಸನ್ನು ಶುರುವಾಗಿತ್ತು, ಪಾಳಿ ಮುಗಿಸಿ ಬಂದವರಿಗೆ ಕಣ್ಣು ತೆರೆಯಲೂ ಆಗುತ್ತಿರಲಿಲ್ಲ. "ಜನರ ಕಾಲು ನೋಡ್ಕೊಂತ ಕುಂತ್ರ ಜಂಪರ ಹೆಂಗ ಮುಗೀತಾವ?" ಎಂದು ಮಗ್ಗುಲಾದರು. ಮರುದಿನ ಅವರು ಡಬ್ಬಿ ತೆಗೆದುಕೊಂಡು ಕೆಲಸಕ್ಕೆ ಹೊರಟಾಗ ನಾನು ಹಿಂದೆ ನಿಂತು ನೋಡಿದೆ. ಅವರೂ ಎತ್ತಿದರು.

ಆಮೇಲೆ ಮಗ. ಅವನಿಗೆ ಬೈದೆ, ನೆಟ್ಟಗೆ ನಡಿ ಎಂದು ಕೈ ಹಿಡಿದು ಆಚೀಚೆ ನಡೆಸಿದೆ. ಕೈ ಹಿಡಿದಾಗ ಎಡವಿ ಬಿದ್ದ. ಸಪಾಟು ನೆಲದಲ್ಲಿ, ಎದುರಿಗೆ ಏನೋ ತಾಗಿದ ಹಾಗೆ, ಮುಂದಕ್ಕೆ ಮುಗ್ಗರಿಸಿ ಬಿದ್ದ. ಗದ್ದದಿಂದ ರಕ್ತ ಬಂತು. ಅವನು ಅಳುತ್ತ, "ಒಡ್ಡಿಗಿ ತಾಗಿದೆನವ್ವಾ," ಎಂದ. ಆ ಮಾತನ್ನು ನಾನು ಅವನ ಎದುರಿಗೆ ಯಾವತ್ತೂ ಆಡಿರಲಿಲ್ಲ.

ಮಗಳು ಮಾತ್ರ ಕಾಲೆತ್ತುತ್ತಿರಲಿಲ್ಲ. ಮೊದಲು ಅದರಿಂದ ನನಗೆ ಧೈರ್ಯ ಬಂದಿತ್ತು. ಒಂದು ಸಂಜೆ ಸರಿಯಾಗಿ ನೋಡಿದೆ. ಅವಳು ಆ ಗೆರೆಯನ್ನು ದಾಟುತ್ತಲೇ ಇರಲಿಲ್ಲ, ಅದರ ಮೇಲೆ ನಡೆಯುತ್ತಿದ್ದಳು. ಮುಂದಿನ ಬಾಗಿಲಿನಿಂದ ಮಷೀನಿನವರೆಗೆ ಒಂದರ ಮುಂದೊಂದು ಹೆಜ್ಜೆ ಇಟ್ಟು, ಎರಡೂ ಕೈ ಸ್ವಲ್ಪ ಅಗಲಿಸಿಕೊಂಡು, ಒಡ್ಡಿನ ಮೇಲೆ ನಡೆಯುವವರು ನಡೆಯುವಂತೆ. ಓದಲು ಕೂತರೂ ಅಲ್ಲೇ. ಮೂಲೆಯಲ್ಲಿ ಚಾಪೆ ಹಾಸಿ ಕೊಟ್ಟೆ, ಅಲ್ಲಿ ಕೂರಲಿಲ್ಲ. "ಇಲ್ಲಿ ಎತ್ತರ ಐತಿ, ಗಾಳಿ ಛಲೋ ಬರ್ತೈತಿ," ಎಂದಳು. ಮುಖದಲ್ಲಿ ಎಂಥ ನೆಮ್ಮದಿ. ಜೇವರ್ಗಿಯಲ್ಲಾಗಲಿ ಆಳಂದದಲ್ಲಾಗಲಿ ಆ ನೆಮ್ಮದಿಯನ್ನು ನಾನು ಕಂಡಿರಲಿಲ್ಲ. ಅದಕ್ಕೇ ಗದರಿಸಲು ಬಾಯಿ ಬರಲಿಲ್ಲ.

ಎದುರು ಮನೆಯಾಕೆಯನ್ನು ಕೂರಿಸಿ ಚಹಾ ಕೊಟ್ಟು ಕೇಳಿದೆ. ಬಡಾವಣೆಯ ಕೊನೆಗೆ ಒಂದು ತಗಡಿನ ಶೆಡ್ ಇತ್ತು, ಮಾಲಕನ ತಾಯಿ ಅಲ್ಲಿ ಒಬ್ಬಳೇ ಇರುತ್ತಾಳೆ ಎಂದು ಗೊತ್ತಿತ್ತು, ನಾನು ಕಂಡಿರಲಿಲ್ಲ. ಹೊಲ ಮಾರುವಾಗ ಆಕೆ ಬೇಡ ಅಂದಿದ್ದಳಂತೆ. ಮಗ ಕೇಳಲಿಲ್ಲ. ಆಕೆ ಊರೊಳಗಿನ ಮನೆಗೆ ಹೋಗಲಿಲ್ಲ.

"ಎಳ್ಳಮಾಸಿಗಿ ಚರಗ ಚೆಲ್ಲಾಕ ಬರ್ತಾಳ," ಎಂದಳು ಎದುರು ಮನೆಯಾಕೆ. "ಗಂಡ ಇದ್ದಾಗ ಅಂವ ಹಿಂದ ನೀರ ಹಾಕ್ಕೊಂತ ಬರತಿದ್ದ. ಅಂವ ಸತ್ತ. ಮಗನಿಗಿ ಆಕಿ ಹಿಂದ ಬರಗೊಡಾಂಗಿಲ್ಲ. ಹೊಲಾ ಮಾರಿದಂವ ಹಿಂದ ಬರಬಾರದು ಅಂತಾಳ. ಒಬ್ಬಾಕಿನೇ ಬಂದು ಕೂಗಿ ನಿಂದರ್ತಾಳ. ಯಾರೂ ಓ ಅನ್ನಾಂಗಿಲ್ಲ."

"ನೀವ್ಯಾಕ ಅನ್ನಾಂಗಿಲ್ಲ?"

"ನಾವೇನು ಆ ಹೊಲದವರೇನ?" ಎಂದು ನನ್ನನ್ನೇ ಕೇಳಿದಳು. ಚಹಾದ ಕಪ್ಪು ಕೆಳಗಿಟ್ಟು, "ಆಕಿ ಕೂಗಿ ನಿಂತಿದ್ದನ್ನ ಕೇಳಿದ ಮ್ಯಾಲ ಈ ಮನ್ಯಾಗ ಯಾರಿಗೂ ಇರಾಕ ಆಗಾಂಗಿಲ್ಲಕ್ಕಾ. ಸಂಕ್ರಾಂತಿಯೊಳಗ ಖಾಲಿ ಮಾಡ್ತಾರ," ಎಂದಳು. ಹೋಗುವಾಗ ಮತ್ತೆ ಕಾಲೆತ್ತಿದಳು.

ನಮ್ಮ ಕಡೆ ಚರಗವೆಂದರೆ ಏನೆಂದು ಹೇಳಬೇಕು. ಎಳ್ಳಮಾಸಿಗೆ ಸಜ್ಜಿ ರೊಟ್ಟಿ, ಕಡಬು, ಭಜ್ಜಿ ಪಲ್ಯ ಎಲ್ಲ ಮಾಡಿ ಹೊಲಕ್ಕೆ ಒಯ್ಯುತ್ತಾರೆ. ಪಾಂಡವರ ಪೂಜೆಯಾದ ಮೇಲೆ ಒಬ್ಬರು ಆ ಅಡಿಗೆಯನ್ನು ಕಲಸಿ ಹೊಲದ ಸುತ್ತ ಚೆಲ್ಲುತ್ತ ಮುಂದೆ ಹೋಗುತ್ತಾರೆ. ಅವರು "ಹುಲ್ಲುಲ್ಲಿಗೋ" ಎಂದು ಕೂಗಿದರೆ ಹಿಂದೆ ತಂಬಿಗೆಯಿಂದ ನೀರು ಚಿಮುಕಿಸುತ್ತ ಬರುವವರು "ಸಲಾಂಬರಿಗೋ" ಅನ್ನಬೇಕು. ಒಂದೊಂದು ಊರಿನಲ್ಲಿ ಒಂದೊಂದು ಥರ ಅನ್ನುತ್ತಾರೆ, ಅರ್ಥ ಯಾರಿಗೂ ಗೊತ್ತಿಲ್ಲ. ನನ್ನ ತವರಿನಲ್ಲಿ ಎರಡು ಕಟ್ಟಳೆ ಇದ್ದವು. ಮುಂದೆ ಹೋಗುವವರು ತಿರುಗಿ ನೋಡಬಾರದು. ಹಿಂದೆ ಬರುವವರು ಆ ಹೊಲದ ಮನೆಯವರೇ ಆಗಿರಬೇಕು. ಆಳುಮಕ್ಕಳು, ಬೀಗರು, ಬಂದವರು ಯಾರೂ ಓ ಅನ್ನುವಂತಿಲ್ಲ.

ಇದೆಲ್ಲ ಮನಸ್ಸಿನಲ್ಲಿ ಕುದಿಯುತ್ತಿದ್ದಾಗಲೇ ಒಂದು ಬೆಳಿಗ್ಗೆ ಬಿಸಿ ಸಾರಿನ ಪಾತ್ರೆ ಹಿಡಿದು ಪಡಸಾಲೆ ದಾಟುತ್ತಿದ್ದೆ. ಪಾತ್ರೆ ತುಳುಕಿ ಕೈ ಸುಟ್ಟಿತು. ಯಾಕೆ ತುಳುಕಿತು ಎಂದು ಕೆಳಗೆ ನೋಡಿದರೆ ನನ್ನ ಬಲಗಾಲು ಗಾಳಿಯಲ್ಲಿತ್ತು. ನಾನೇ ಎತ್ತಿದ್ದೆ. ಎಷ್ಟು ದಿನದಿಂದ ಎತ್ತುತ್ತಿದ್ದೆನೋ ಯಾರಿಗೆ ಗೊತ್ತು.

ನನಗೆ ಮೊದಲು ಬಂದದ್ದು ಸಿಟ್ಟು. ಭಯ ಆಮೇಲೆ ಬಂತು. ಬಾಡಿಗೆ ಕೊಟ್ಟು ಇರುವ ಮನೆಯಲ್ಲಿ ನನ್ನ ಕಾಲು ನನ್ನ ಮಾತು ಕೇಳುವುದಿಲ್ಲ ಅಂದರೆ ಏನರ್ಥ? ಅವತ್ತೇ ಆಳಂದದಲ್ಲಿರುವ ಅಣ್ಣನಿಗೆ ಫೋನ್ ಮಾಡಿದೆ. ಅವನ ಮನೆಯ ಮಾಳಿಗೆ ಖಾಲಿಯಿತ್ತು. ಅಫಜಲಪುರದಲ್ಲೇ ಬೇರೆ ಮನೆ ಹುಡುಕಲಿಲ್ಲವೆಂದಲ್ಲ. ಸೀಸನ್ನಿನಲ್ಲಿ ಕಾರ್ಖಾನೆಗೆ ಬಂದ ಜನ ಊರಿನ ಒಂದು ದನದ ಕೊಟ್ಟಿಗೆಯನ್ನೂ ಬಿಟ್ಟಿರಲಿಲ್ಲ. ಎಳ್ಳಮಾಸಿ ಕಳೆದ ಕೂಡಲೇ ಬರುತ್ತೇವೆ ಎಂದು ಅಣ್ಣನಿಗೆ ಹೇಳಿದೆ. ಗಂಡ ಗೊಣಗಿ, ಆಮೇಲೆ ಒಪ್ಪಿದರು. ಕೆಲಸವಿದ್ದಷ್ಟು ದಿನ ಕಾರ್ಖಾನೆಯ ಹುಡುಗರ ಜೊತೆ ಇರುತ್ತೇನೆ ಅಂದರು.

ಮಗಳಿಗೆ ಹೇಳುವುದು ಉಳಿದಿತ್ತು. ಒಂಬತ್ತನೆಯದರ ನಡುವೆ ಮತ್ತೆ ಟಿ.ಸಿ., ಮತ್ತೆ ಹೊಸ ಬೆಂಚು. ದಿನವೂ ಹೇಳಬೇಕೆಂದುಕೊಂಡೆ, ದಿನವೂ ಅವಳು ಗೆಳತಿಯ ಸುದ್ದಿ ತೆಗೆದಳು. ಎಳ್ಳಮಾಸಿ ಬಂದೇ ಬಿಟ್ಟಿತು.

ಅವತ್ತು ಸಾಲಿಗೆ ಸೂಟಿ. ಗಂಡ ಪಾಳಿಗೆ ಹೋಗಿದ್ದರು. ಎರಡೂ ಬಾಗಿಲು ತೆರೆದಿಟ್ಟೆ, ಕೊಟ್ಟ ಮಾತು ಅಷ್ಟು ಮಟ್ಟಿಗೆ ಉಳಿಸಿಕೊಂಡೆ. ಆದರೆ ಮಷೀನು ತೆಗೆಯಲಿಲ್ಲ. ಬೇಕೆಂದೇ ಅದರ ಮುಂದೆ ಕೂತೆ. ಮುದುಕಿ ಬರಲಿ, ನನ್ನನ್ನು ಸುತ್ತಿ ಹೋಗಲಿ, ಇದು ಮನೆ, ಹೊಲವಲ್ಲ ಎಂಬುದು ಒಬ್ಬರಿಗಾದರೂ ಗೊತ್ತಾಗಲಿ. ಮಗನನ್ನು ಎದುರು ಮನೆಗೆ ಕಳಿಸಿದ್ದೆ. ಮಗಳು ಅಡಿಗೆಮನೆಯಲ್ಲಿ ಪಾತ್ರೆ ಬೆಳಗುತ್ತಿದ್ದಳು.

ಸೂರ್ಯ ನೆತ್ತಿಗೆ ಬರುವ ಹೊತ್ತಿಗೆ ಹೊರಗಿನ ಸದ್ದೆಲ್ಲ ನಿಂತಿತು. ಮಕ್ಕಳ ಆಟ ನಿಂತಿತು, ಯಾರ ಮನೆಯದೋ ಟಿ.ವಿ. ನಿಂತಿತು. ಕುತ್ತಿಗೆ ಎತ್ತಿ ನೋಡಿದೆ. ಬೇವಿನ ಗಿಡದ ಕಡೆಯಿಂದ ಒಬ್ಬ ಮುದುಕಿ ಬರುತ್ತಿದ್ದಳು. ಸೊಂಟದ ಮೇಲೆ ಬುಟ್ಟಿ, ಬರಿಗಾಲು, ಹಸಿರು ಇಳಕಲ್ ಸೀರೆ. ಓಣಿಯ ಜನ ಬಾಗಿಲುಗಳಲ್ಲಿ ನಿಂತು ನೋಡುತ್ತಿದ್ದರು. ಆಕೆ ಯಾರನ್ನೂ ನೋಡಲಿಲ್ಲ. ಮುಷ್ಟಿ ತುಂಬ ತೆಗೆದು ಎಡಕ್ಕೊಮ್ಮೆ ಬಲಕ್ಕೊಮ್ಮೆ ಚೆಲ್ಲುತ್ತ, ಸಿಮೆಂಟಿನ ಮೇಲೂ ಮಣ್ಣಿನ ಮೇಲೆ ನಡೆದಂತೆಯೇ ನಡೆದು ಬಂದಳು. ಒಂದೊಂದು ಕಡೆ ನಿಂತು ಕೂಗಿದಳು. ಕೂಗಿ, ಕಾಯ್ದಳು. ಮತ್ತೆ ನಡೆದಳು.

ನನ್ನ ಹೊಸ್ತಿಲು ದಾಟಿದಳು. ನಾನು ಪೆಡಲು ತುಳಿಯುವುದನ್ನು ನಿಲ್ಲಿಸಲಿಲ್ಲ. ಹೊಲಿಯುತ್ತಿದ್ದ ಬಟ್ಟೆ ಎಂದೋ ಮುಗಿದು ಕೆಳಗೆ ಬಿದ್ದಿತ್ತು, ಸೂಜಿ ಖಾಲಿ ತಗಡಿನಲ್ಲಿ ಮೇಲೆ ಕೆಳಗೆ ಆಡುತ್ತಿತ್ತು. ಆಕೆ ಮಷೀನಿನ ತನಕ ಬಂದು ನಿಂತಳು. ನನಗೂ ಆಕೆಗೂ ನಡುವೆ ಒಂದು ಮೊಳ. ಸುತ್ತಿ ಹೋಗಲಿಲ್ಲ. ನನ್ನನ್ನು ನೋಡಲೂ ಇಲ್ಲ, ನಾನಿರುವ ಜಾಗದ ಮೂಲಕ ಹಿಂದಿನ ಬಯಲನ್ನು ನೋಡುತ್ತಿದ್ದಳು. ಸಜ್ಜಿ ರೊಟ್ಟಿಯ, ಎಳ್ಳಿನ ವಾಸನೆ ಬಂತು. ಆಮೇಲೆ ಕೂಗಿದಳು.

"ಹುಲ್ಲುಲ್ಲಿಗೋ!"

ಪಡಸಾಲೆ ತುಂಬಿತು. ಆಕೆ ತಲೆ ತಿರುಗಿಸಲಿಲ್ಲ, ಆದರೆ ಬೆನ್ನಿನಿಂದಲೇ ಕೇಳುತ್ತಿರುವುದು ಗೊತ್ತಾಗುತ್ತಿತ್ತು. ಬೆನ್ನ ಹಿಂದೆ ಯಾರೂ ಇರಲಿಲ್ಲ. ಹಿಂದಿನ ಬಾಡಿಗೆಯವರು ಯಾಕೆ ಮನೆ ಬಿಟ್ಟರೆಂದು ನನಗೆ ಆಗ ತಿಳಿಯಿತು. ಆ ಸುಮ್ಮನಿರುವಿಕೆ ಕಿವಿಗೆ ನೋಯುತ್ತಿತ್ತು. ಅದಕ್ಕಿಂತ ಕೆಟ್ಟದ್ದೆಂದರೆ, ಉತ್ತರ ನನ್ನ ನಾಲಿಗೆಯ ತುದಿಗೆ ಬಂದು ನಿಂತಿತ್ತು. ಅಪ್ಪನ ಹಿಂದೆ ತಂಬಿಗೆ ಹಿಡಿದು ಎಷ್ಟು ಸಲ ಅಂದಿದ್ದೆನೋ ಆ ಮಾತು. ಹಲ್ಲು ಕಚ್ಚಿಕೊಂಡೆ. ಅಂದರೆ ಈ ಹೊಲದವಳಾಗುತ್ತೇನೆ, ಆಮೇಲೆ ಆಳಂದಕ್ಕೆ ಹೋಗುವುದು ಹೇಗೆ? ಬಾಯಿ ಮೇಲೆ ಕೈ ಇಟ್ಟುಕೊಂಡೆ.

"ಸಲಾಂಬರಿಗೋ!"

ಮಗ್ಗುಲಿನಿಂದ ಬಂತು. ಅಡಿಗೆಮನೆಯ ಬಾಗಿಲಲ್ಲಿ ಮಗಳು ನಿಂತಿದ್ದಳು, ಕೈಯಲ್ಲಿ ಈಗತಾನೇ ಬೆಳಗಿದ ತಂಬಿಗೆ, ತುಂಬ ನೀರು. ತಲೆಯ ಮೇಲೆ ಓಢಣಿ ಹೊದ್ದುಕೊಂಡಿದ್ದಳು. ನಮಗೆ ಹೊಲವಿಲ್ಲ. ತವರಿನ ಹೊಲಕ್ಕೆ ಎಳ್ಳಮಾಸಿಯಲ್ಲಿ ಅವಳನ್ನು ಒಮ್ಮೆಯೂ ಕರೆದುಕೊಂಡು ಹೋಗಿರಲಿಲ್ಲ. ಆ ಮಾತನ್ನು, ಅದರ ರಾಗವನ್ನು, ಕೊನೆಗೆ ದನಿ ಎಳೆಯುವ ರೀತಿಯನ್ನು ಯಾರು ಕಲಿಸಿದರು ಎಂದು ನಾನು ಇವತ್ತಿಗೂ ಕೇಳಿಲ್ಲ. ಕೇಳಲು ಹೆದರಿಕೆ.

ಮುದುಕಿಯ ಭುಜ ಇಳಿಯಿತು. ಎಷ್ಟೋ ವರ್ಷದಿಂದ ಹಿಡಿದಿಟ್ಟಿದ್ದಂತೆ ಉಸಿರು ಬಿಟ್ಟಳು. ತಿರುಗಿ ನೋಡಲಿಲ್ಲ. ಮಗಳು ಬಂದು ನನ್ನ ಮಷೀನಿನ ಒಂದು ತುದಿ ಹಿಡಿದು, "ಸರಿಯವ್ವಾ," ಎಂದಳು. ಮೆಲ್ಲಗೇ ಅಂದಳು, ನಾನು ಎದ್ದು ಸರಿದೆ. ಮಷೀನು ಗೋಡೆಗೆ ಹೋಯಿತು. ಮುದುಕಿ ನಡೆದಳು, ಮಗಳು ಅವಳ ಹಿಂದೆ ನೀರು ಚಿಮುಕಿಸುತ್ತ ನಡೆದಳು. ಹಿಂದಿನ ಬಾಗಿಲು ದಾಟಿ, ಖಾಲಿ ಪ್ಲಾಟುಗಳ ಮೇಲೆ, ಗುರುತಿನ ಕಲ್ಲುಗಳ ನಡುವೆ. ಒಬ್ಬರ ಕೂಗು, ಒಬ್ಬರ ಓ, ದೂರವಾಗುತ್ತ ಹೋಯಿತು. ಹೋಗಿ ಕೈ ಹಿಡಿದು ಎಳೆದು ತರಬೇಕು ಎಂದು ಬಾಗಿಲವರೆಗೆ ಓಡಿದೆ. ಅಲ್ಲೇ ನಿಂತೆ. ಹಿಂದೆ ಹೋಗಲು ನಾನು ಯಾರು ಎಂದು ಒಳಗಿನಿಂದ ಯಾರೋ ಕೇಳಿದಂತಾಯಿತು.

ಬಿಸಿಲು ಇಳಿಯುವ ಹೊತ್ತಿಗೆ ಬಂದಳು. ಖಾಲಿ ತಂಬಿಗೆ, ಪಾದಗಳಿಗೆ ಎರಿ ಮಣ್ಣು, ಬಾಯಲ್ಲಿ ಕಡಬಿನ ಚೂರು. ನಾನು ಅಲ್ಲಿಯವರೆಗೆ ನೀರೂ ಕುಡಿದಿರಲಿಲ್ಲ.

"ಆಯಿ ಛಲೋ ಅದಾಳವ್ವಾ," ಎಂದಳು. "ಊಟ ಮಾಡಿಸಿದ್ಲು. ಯಾರ ಮಗಳು ನೀ ಅಂತ ಕೇಳಿದ್ಲು."

"ಏನಂದಿ?"

"ಈ ಹೊಲದಾಕಿ ಅಂದೆ."

ಅವಳು ನಮ್ಮ ಹೆಸರು ಹೇಳಿರಲಿಲ್ಲ. ಅಪ್ಪನದಾಗಲಿ ನನ್ನದಾಗಲಿ. ಅವಳಿಗೊಂದು ನೆಲೆಯಾಗಲಿ ಎಂದು ನಾನು ಊರೂರು ಅಲೆದಿದ್ದೆ. ನೆಲೆ ಸಿಕ್ಕಿತ್ತು. ಅದರಲ್ಲಿ ನಾನಿರಲಿಲ್ಲ. ಇನ್ನು ತಡ ಮಾಡಿದರೆ ಇವಳು ನನ್ನ ಕೈಗೆ ಸಿಗುವುದಿಲ್ಲ ಅನ್ನಿಸಿ, ಎಷ್ಟೋ ದಿನದಿಂದ ನುಂಗಿಕೊಂಡಿದ್ದ ಮಾತನ್ನು ಅಲ್ಲೇ ಹೇಳಿಬಿಟ್ಟೆ.

"ನಾವು ಆಳಂದಕ್ಕ ಹೊಂಟೇವಿ. ಮಾಮಾನ ಮನಿಗಿ. ಈ ವಾರದಾಗ."

ಅಳುತ್ತಾಳೆ, ಜಗಳ ತೆಗೆಯುತ್ತಾಳೆ, ಕೊಟ್ಟ ಮಾತು ಎತ್ತಿ ಆಡುತ್ತಾಳೆ ಎಂದು ಕಾಯ್ದೆ. ಅವಳು ಅತ್ತಿದ್ದರೆ ನಾನು ಅಪ್ಪಿಕೊಳ್ಳಬಹುದಿತ್ತು. ಅವಳು ಕಾಲು ತೊಳೆದುಕೊಂಡು ಬಂದಳು. ತಂಬಿಗೆಯಲ್ಲಿ ಕುಡಿಯುವ ನೀರು ತುಂಬಿ ತಂದು ನನ್ನ ಮುಂದಿಟ್ಟಳು. ಆಮೇಲೆ ಬಾಗಿಲ ಚೌಕಟ್ಟಿಗೆ ಒರಗಿ ನಿಂತು, ಮನೆಯವರು ಹೊರಟು ನಿಂತ ಬೀಗರಿಗೆ ಹೇಳುವ ದನಿಯಲ್ಲಿ, ನಗುತ್ತ ಹೇಳಿದಳು.

"ಹೋಗಿ ಬರ್ರಿ."